ದುಡಿಯುವವರು ಅಶಕ್ತರಾದಾಗ ದಂಪತಿಗಳು ತಿಳಿದಿರಬೇಕಾದ ವಿಷಯಗಳು

ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆಯನ್ನು ಮಿತಗೊಳಿಸುವುದು ಮಾತ್ರವೆಂದು ಅನೇಕರು ಭಾವಿಸಿರುವರು. ಇದು ಪೂರ್ಣ ಸತ್ಯವಲ್ಲ. ಸಂಸಾರದಲ್ಲಿ ದುಡಿಯುವ ವ್ಯಕ್ತಿಯು ರೋಗದಿಂದಲೋ ಅಪಘಾತದಿಂದಲೋ ಕೆಲಸಕ್ಕೆ ಅಸಮರ್ಥನಾದರೆ, ಮಕ್ಕಳ ವಿದ್ಯೆ, ಆಹಾರ, ಔಷಧ ಎಲ್ಲಕ್ಕೂ ಏಕಕಾಲದಲ್ಲಿ ಕುಂದುಂಟಾಗುತ್ತದೆ. ಇಂತಹ ಸಮಯದಲ್ಲಿ ಆಧಾರವಾಗಲೆಂದು ಸರ್ಕಾರವು ಕೆಲವು ಸೌಲಭ್ಯಗಳನ್ನು ಏರ್ಪಡಿಸಿದೆ. ಆದರೆ ಅವು ತಾವಾಗಿಯೇ ಮನೆಬಾಗಿಲಿಗೆ ಬರುವುದಿಲ್ಲ. ತಿಳಿದು, ಕೇಳಿ, ಕಾಗದಪತ್ರಗಳೊಡನೆ ಪಡೆಯಬೇಕು. ಗಂಡಹೆಂಡಿರಿಬ್ಬರೂ ಈ ಪಾಠವನ್ನು ಜೊತೆಯಾಗಿ ಕುಳಿತು ಓದುವುದು ಉತ್ತಮ.

ಒಂದು ಉದಾಹರಣೆ

ಕೆಲವು ವರ್ಷಗಳ ಹಿಂದೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ದಂಪತಿಗಳೊಬ್ಬರು ಬಂದರು. ಪತಿಗೆ ನಲವತ್ತೆರಡು ವರ್ಷ. ಖಾಸಗಿ ಗಿರಣಿಯೊಂದರಲ್ಲಿ ಏಳು ವರ್ಷಗಳಿಂದ ಯಂತ್ರ ನಡೆಸುತ್ತಿದ್ದರು. ರಕ್ತದೊತ್ತಡಕ್ಕೆ ಮಾತ್ರೆಯನ್ನು ತಿಂಗಳುಗಟ್ಟಲೆ ಬಿಟ್ಟಿದ್ದರಿಂದ ಪಾರ್ಶ್ವವಾಯು ಬಡಿದು, ಬಲಗೈ ಬಲಗಾಲುಗಳು ಸ್ವಾಧೀನ ತಪ್ಪಿದ್ದವು. ಪತ್ನಿಯು ತನ್ನ ಬಟ್ಟೆಯ ಚೀಲದಿಂದ ಬೆರಳಚ್ಚಿಸಿದ ಕಾಗದವೊಂದನ್ನು ತೆಗೆದು, "ಇದಕ್ಕೆ ಹೆಬ್ಬೆಟ್ಟು ಒತ್ತಿದರೆ ಪಿ.ಎಫ್. ಹಣ ಬೇಗ ಬರುತ್ತದಂತೆ, ಒತ್ತಿಸಬಹುದೇ?" ಎಂದು ಕೇಳಿದರು. ಅದು ರಾಜೀನಾಮೆ ಪತ್ರವಾಗಿತ್ತು. "ಸ್ವಂತ ಇಚ್ಛೆಯಿಂದ, ಕೌಟುಂಬಿಕ ಕಾರಣಗಳಿಗಾಗಿ" ಕೆಲಸ ಬಿಡುತ್ತಿರುವುದಾಗಿ ಅದರಲ್ಲಿ ಬರೆಯಲಾಗಿತ್ತು. ರೋಗದ ಹೆಸರೇ ಇರಲಿಲ್ಲ.

ಆಸ್ಪತ್ರೆಯ ಖರ್ಚಿಗೆ ಅವರು ಸಾಲ ಮಾಡಿದ್ದರು. ಬೇಗ ಬರುವ ಹಣದ ಆಸೆ ಸಹಜವಾದುದೇ. ಆದರೆ ಆ ಒಂದು ಹೆಬ್ಬೆಟ್ಟಿನಿಂದ ಅವರು ಜೀವಮಾನದ ಮಾಸಿಕ ಪಿಂಚಣಿಯನ್ನೇ ಕಳೆದುಕೊಳ್ಳುವ ಸಂಭವವಿತ್ತು. ಅದು ಹೇಗೆಂಬುದನ್ನು ಈಗ ನೋಡೋಣ.

ರಾಜೀನಾಮೆಯೂ ಅಶಕ್ತತೆಯೂ ಒಂದಲ್ಲ

ರಾಜೀನಾಮೆಯೆಂದರೆ ಕೆಲಸವನ್ನು ತಾನಾಗಿ ತೊರೆಯುವುದು. ಅಶಕ್ತತೆಯ ಕಾರಣದಿಂದ ನಿವೃತ್ತಿ ಹೊಂದುವುದೆಂದರೆ, ದೇಹ ಅಥವಾ ಮನಸ್ಸಿನ ಶಾಶ್ವತ ದುರ್ಬಲತೆಯಿಂದ ಕೆಲಸ ಮಾಡಲಾಗದೆಂದು ವೈದ್ಯಕೀಯ ಮಂಡಳಿಯು ಪರೀಕ್ಷಿಸಿ ಹೇಳಿದ ಮೇಲೆ ಬಿಡುಗಡೆ ಹೊಂದುವುದು. ಎರಡರಲ್ಲಿಯೂ ಕೆಲಸ ಹೋಗುತ್ತದೆ. ಆದರೆ ಮೊದಲನೆಯದರಲ್ಲಿ ಹಕ್ಕೂ ಹೋಗುತ್ತದೆ, ಎರಡನೆಯದರಲ್ಲಿ ಹಕ್ಕು ಉಳಿಯುತ್ತದೆ.

ಭವಿಷ್ಯ ನಿಧಿಗೆ ಸೇರಿದ ಕಾರ್ಮಿಕರು ಸಾಮಾನ್ಯವಾಗಿ 1995ರ ನೌಕರರ ಪಿಂಚಣಿ ಯೋಜನೆಗೂ ಸದಸ್ಯರಾಗಿರುತ್ತಾರೆ. ಈ ಯೋಜನೆಯಲ್ಲಿ ಮಾಮೂಲಿ ಪಿಂಚಣಿಗೆ 10 ವರ್ಷಗಳ ಸೇವೆ ಅವಶ್ಯಕ. ಅದಕ್ಕಿಂತ ಕಡಿಮೆ ಸೇವೆಯಿದ್ದು ಕೆಲಸ ಬಿಟ್ಟು ಹಣ ಹಿಂಪಡೆದವರಿಗೆ ಒಂದು ಸಲದ ಇಡುಗಂಟು ಮಾತ್ರ ದೊರೆಯುತ್ತದೆ. ಆದರೆ ಸೇವೆಯಲ್ಲಿರುವಾಗಲೇ ಶಾಶ್ವತವಾಗಿ ಮತ್ತು ಪೂರ್ಣವಾಗಿ ಅಶಕ್ತನಾದ ಸದಸ್ಯನಿಗೆ ಈ 10 ವರ್ಷಗಳ ನಿರ್ಬಂಧವಿಲ್ಲ. ಪಿಂಚಣಿ ನಿಧಿಗೆ ಒಂದು ತಿಂಗಳ ವಂತಿಗೆಯಾದರೂ ಸಂದಿದ್ದರೆ ಸಾಕು. ಅಶಕ್ತತೆ ಉಂಟಾದ ಮರುದಿನದಿಂದ ಅವನ ಜೀವಿತಕಾಲದವರೆಗೂ ಪಿಂಚಣಿ ಸಲ್ಲುತ್ತದೆ. ಅವನ ನಂತರ ಪತ್ನಿಗೂ 25 ವರ್ಷ ತುಂಬದ ಮಕ್ಕಳಿಗೂ ನಿಯಮಾನುಸಾರ ದೊರೆಯುತ್ತದೆ.

ಲೆಕ್ಕವು ಸುಲಭವಾದುದು. ಪಿಂಚಣಿಗೆ ಪರಿಗಣಿಸುವ ಸರಾಸರಿ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಸರಾಸರಿ ವೇತನ 12,000 ರೂಪಾಯಿ, ಸೇವೆ 7 ವರ್ಷ ಎಂದಿಟ್ಟುಕೊಂಡರೆ ತಿಂಗಳಿಗೆ 1,200 ರೂಪಾಯಿ ಆಗುತ್ತದೆ. ಇದು ದೊಡ್ಡ ಮೊತ್ತವಲ್ಲವೆಂಬುದು ನಿಜ. ಆದರೆ ನಲವತ್ತೆರಡನೆಯ ವಯಸ್ಸಿನಿಂದ ಆಯುಷ್ಯವಿರುವವರೆಗೆ ಬರುವ ಹಣವನ್ನು, ಒಂದು ಸಲ ಬಂದು ಸಾಲಕ್ಕೆ ಜಮೆಯಾಗಿ ಮುಗಿದುಹೋಗುವ ಹಣದೊಡನೆ ಹೋಲಿಸಿ ನೋಡಿರಿ.

ಚಿಕಿತ್ಸೆಯ ಕಾಲದಲ್ಲಿ ದೊರೆಯುವ ನೆರವು

ರೋಗ ಬಂದ ಕೂಡಲೇ ಯಾರನ್ನೂ ಶಾಶ್ವತ ಅಶಕ್ತರೆಂದು ನಿರ್ಧರಿಸಲಾಗದು. ಪಾರ್ಶ್ವವಾಯುವಿನಲ್ಲಿ ಮೊದಲ ಕೆಲವು ತಿಂಗಳುಗಳಲ್ಲಿಯೇ ಹೆಚ್ಚಿನ ಚೇತರಿಕೆ ಕಂಡುಬರುವುದು. ಮುರಿದ ಮೂಳೆ ಕೂಡಲು, ಕ್ಷಯರೋಗ ವಾಸಿಯಾಗಲು ಕಾಲಾವಕಾಶ ಬೇಕು. ಈ ಅವಧಿಯಲ್ಲಿ ಕೆಲಸ ಬಿಡದೆ, ರಜೆಯ ಮೇಲಿದ್ದು ಚಿಕಿತ್ಸೆ ಪಡೆಯಬೇಕು.

ವೇತನದ ಚೀಟಿಯಲ್ಲಿ ಇ.ಎಸ್.ಐ. ಎಂದು ಕಡಿತವಾಗಿದ್ದರೆ ನೀವು ನೌಕರರ ರಾಜ್ಯ ವಿಮಾ ನಿಗಮದ ವಿಮಾದಾರರು. ವಂತಿಗೆಯ ಷರತ್ತು ಪೂರೈಸಿದ ವಿಮಾದಾರರಿಗೆ ಕಾಯಿಲೆಯ ಕಾಲದಲ್ಲಿ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇಕಡಾ 70ರಷ್ಟು ದೊರೆಯುತ್ತದೆ. ಕ್ಷಯ, ಕುಷ್ಠ, ಕ್ಯಾನ್ಸರ್, ಪಾರ್ಶ್ವವಾಯು ಮೊದಲಾದ 34 ದೀರ್ಘಕಾಲಿಕ ರೋಗಗಳಲ್ಲಿ, ಎರಡು ವರ್ಷ ಎಡೆಬಿಡದೆ ವಿಮೆಯಲ್ಲಿದ್ದು ಅಗತ್ಯವಾದಷ್ಟು ವಂತಿಗೆ ಸಂದಿರುವವರಿಗೆ, ಶೇಕಡಾ 80ರಷ್ಟು ನೆರವು ಎರಡು ವರ್ಷಗಳವರೆಗೂ ಮುಂದುವರಿಯಬಹುದು.

ಕೆಲಸದ ಕಾರಣದಿಂದ ಗಾಯವಾದರೆ ನಿಯಮವು ಇನ್ನೂ ಉದಾರವಾಗಿದೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಯವಾದರೂ, ವಾಸಿಯಾಗುವವರೆಗೆ ವೇತನದ ಸುಮಾರು ಶೇಕಡಾ 90ರಷ್ಟು ಕೊಡಲಾಗುತ್ತದೆ. ಊನವು ಶಾಶ್ವತವಾಗಿ ಉಳಿದರೆ, ದುಡಿಯುವ ಶಕ್ತಿ ಎಷ್ಟು ಕುಂದಿತೆಂದು ವೈದ್ಯಕೀಯ ಮಂಡಳಿಯು ಗೊತ್ತುಮಾಡಿದ ಪ್ರಮಾಣದಲ್ಲಿ ಮಾಸಿಕ ನೆರವು ಸಲ್ಲುತ್ತದೆ. ಮನೆಯಿಂದ ಕಾರ್ಖಾನೆಗೆ ಹೋಗುವಾಗ ಅಥವಾ ಹಿಂದಿರುಗುವಾಗ ದಾರಿಯಲ್ಲಿ ಸಂಭವಿಸುವ ಅಪಘಾತವನ್ನೂ, ಅದಕ್ಕೂ ಕೆಲಸಕ್ಕೂ ಸಂಬಂಧವು ಸ್ಥಿರಪಟ್ಟರೆ, ಕೆಲಸದ ಗಾಯವೆಂದೇ ಪರಿಗಣಿಸಲಾಗುವುದು. ಮುಂಜಾನೆ ವಾಹನವೇರಿ ಸಿದ್ಧ ಉಡುಪುಗಳ ಕಾರ್ಖಾನೆಗೆ ಹೋಗುವ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಇದನ್ನು ಮುಖ್ಯವಾಗಿ ಅರಿತಿರಬೇಕು. ಇ.ಎಸ್.ಐ. ವ್ಯಾಪ್ತಿಯಿಲ್ಲದ ಕಡೆ ಕೆಲಸದ ಗಾಯಕ್ಕೆ ಪರಿಹಾರ ಕೊಡುವ ಹೊಣೆ ಮಾಲೀಕನದು.

2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯು ಜಾರಿಗೆ ಬಂದು, ವಿಮೆ, ಭವಿಷ್ಯ ನಿಧಿ ಮತ್ತು ಪರಿಹಾರದ ಹಳೆಯ ಕಾಯ್ದೆಗಳು ಅದರೊಳಗೆ ಸೇರಿವೆ. ಹಳೆಯ ಕಾಯ್ದೆ ಹೋಯಿತು, ಆದ್ದರಿಂದ ಸೌಲಭ್ಯವೂ ಹೋಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ.

ಸರ್ಕಾರಿ ನೌಕರರ ವಿಷಯ

ಶಾಲಾ ಉಪಾಧ್ಯಾಯರು, ಜವಾನರು, ಸಾರಿಗೆ ನಿಗಮದ ಚಾಲಕರು ಮುಂತಾದವರಿಗೆ ಇನ್ನೊಂದು ರಕ್ಷಣೆಯಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20ನೆಯ ಪ್ರಕರಣದ ಪ್ರಕಾರ, ಸೇವೆಯಲ್ಲಿರುವಾಗ ಅಂಗವಿಕಲತೆ ಹೊಂದಿದ ನೌಕರನನ್ನು ಸರ್ಕಾರಿ ಸಂಸ್ಥೆಯು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆಯನ್ನೂ ಇಳಿಸುವಂತಿಲ್ಲ. ಮೊದಲಿನ ಹುದ್ದೆಗೆ ಆತನು ಯೋಗ್ಯನಲ್ಲದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಅಂತಹ ಹುದ್ದೆ ಇಲ್ಲದಿದ್ದರೆ, ಅದು ದೊರೆಯುವವರೆಗೆ ಅಥವಾ ನಿವೃತ್ತಿಯ ವಯಸ್ಸಿನವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇರಿಸಿಕೊಳ್ಳಬಹುದು. ಕರ್ತವ್ಯದಲ್ಲಿ ಗಾಯಗೊಂಡು ಕಾಲು ಕಳೆದುಕೊಂಡ ಕಾನ್‌ಸ್ಟೇಬಲ್ ಒಬ್ಬರ ಮೊಕದ್ದಮೆಯಲ್ಲಿ, ಅಶಕ್ತತಾ ಪಿಂಚಣಿ ದೊರೆತಿದೆಯೆಂಬ ಕಾರಣಕ್ಕೆ ಈ ಬಗೆಯ ರಕ್ಷಣೆಯನ್ನು ನಿರಾಕರಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2003ರಲ್ಲಿ ತೀರ್ಪಿತ್ತಿದೆ. ಆಗ ಜಾರಿಯಲ್ಲಿದ್ದ 1995ರ ಕಾಯ್ದೆಯಲ್ಲಿಯೂ ಇದೇ ರಕ್ಷಣೆಯಿತ್ತು.

ಆದ್ದರಿಂದ ಸರ್ಕಾರಿ ನೌಕರರು ಮೊದಲು ಬೇರೆ ಕೆಲಸವನ್ನು ಲಿಖಿತವಾಗಿ ಕೇಳತಕ್ಕದ್ದು. ಯಾವ ಕೆಲಸವೂ ಸಾಧ್ಯವಿಲ್ಲದಾಗ ಮಾತ್ರ ಅಶಕ್ತತಾ ನಿವೃತ್ತಿಯ ಯೋಚನೆ ಮಾಡಬೇಕು. ಕರ್ನಾಟಕ ಸಿವಿಲ್ ಸೇವಾ ನಿಯಮಗಳಲ್ಲಿ ಇದಕ್ಕೆ ಅವಕಾಶವಿದೆ. 2006ರ ಏಪ್ರಿಲ್ 1ರಂದು ಅಥವಾ ಅನಂತರ ನೇಮಕಗೊಂಡವರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ ಸೇರಿರುವುದರಿಂದ, ತಮಗೆ ಅನ್ವಯಿಸುವ ನಿಯಮ ಯಾವುದೆಂದು ಕಚೇರಿಯಿಂದ ಲಿಖಿತ ಉತ್ತರ ಪಡೆಯಬೇಕು.

ವೈದ್ಯರಿಂದ ಏನನ್ನು ಕೇಳಬೇಕು?

"ಒಂದು ಸರ್ಟಿಫಿಕೇಟ್ ಕೊಡಿ" ಎಂದಷ್ಟೇ ಕೇಳಿದರೆ ವೈದ್ಯರು "ವಿಶ್ರಾಂತಿ ಅಗತ್ಯ" ಎಂದು ಬರೆದುಕೊಡುವುದು ವಾಡಿಕೆ. ಅದರಿಂದ ರಜೆ ದೊರೆಯುತ್ತದೆಯೇ ಹೊರತು ಪಿಂಚಣಿ ದೊರೆಯುವುದಿಲ್ಲ. ರೋಗದ ಹೆಸರು, ಅದು ಪ್ರಾರಂಭವಾದ ದಿನಾಂಕ, ಮಾಡಿದ ಚಿಕಿತ್ಸೆ, ಚಿಕಿತ್ಸೆಯ ಬಳಿಕವೂ ಉಳಿದಿರುವ ಊನ, ರೋಗಿಯು ಮಾಡುತ್ತಿದ್ದ ಕೆಲಸದ ಸ್ವರೂಪ, ಈ ಐದೂ ಅಂಶಗಳು ಬರವಣಿಗೆಯಲ್ಲಿರಬೇಕು.

ಇನ್ನೊಂದು ತಪ್ಪು ತಿಳಿವಳಿಕೆಯಿದೆ. ಅಂಗವಿಕಲತೆಯ ಗುರುತಿನ ಚೀಟಿಯಲ್ಲಿ ಶೇಕಡಾವಾರು ಕಡಿಮೆಯಿದ್ದರೆ ಅಶಕ್ತತಾ ಪಿಂಚಣಿ ಇಲ್ಲವೆಂದು ಕೆಲವರು ಪ್ರಯತ್ನವನ್ನೇ ಬಿಡುವರು. 1995ರ ಯೋಜನೆಯಲ್ಲಿ ವೈದ್ಯಕೀಯ ಮಂಡಳಿಯು ಪರಿಶೀಲಿಸುವುದು, ಸದಸ್ಯನು ಅಶಕ್ತನಾಗುವಾಗ ಯಾವ ಕೆಲಸ ಮಾಡುತ್ತಿದ್ದನೋ ಆ ಕೆಲಸಕ್ಕೆ ಶಾಶ್ವತವಾಗಿ ಮತ್ತು ಪೂರ್ಣವಾಗಿ ಅಯೋಗ್ಯನಾಗಿರುವನೇ ಎಂಬುದನ್ನು. ಒಂದೇ ಊನವು ಗುಮಾಸ್ತನಿಗೆ ಸಹ್ಯವಾಗಿದ್ದು, ಚಾಲಕನಿಗೆ ಕೆಲಸವನ್ನೇ ಅಸಾಧ್ಯವಾಗಿಸಬಹುದು. ಆದಕಾರಣ ಕೆಲಸದ ವಿವರವನ್ನು ವೈದ್ಯರಿಗೆ ತಪ್ಪದೆ ತಿಳಿಸಿರಿ. ಇಲ್ಲದ ರೋಗವನ್ನು ಬರೆಯುವಂತೆ ಮಾತ್ರ ಯಾವ ವೈದ್ಯರನ್ನೂ ಒತ್ತಾಯಿಸಬೇಡಿರಿ. ಸುಳ್ಳು ಪತ್ರವು ನಿಜವಾದ ರೋಗಿಯ ಮೇಲೂ ಸಂಶಯ ತರುತ್ತದೆ.

ಅನುಸರಿಸಬೇಕಾದ ಕ್ರಮ

1. ಓದಿ ಅರ್ಥಮಾಡಿಕೊಳ್ಳದೆ ಯಾವ ಕಾಗದಕ್ಕೂ ಸಹಿ ಅಥವಾ ಹೆಬ್ಬೆಟ್ಟು ಹಾಕಬೇಡಿರಿ.

2. ಅಪಘಾತವಾದ ಕೂಡಲೇ ಮಾಲೀಕನಿಗೆ ಬರವಣಿಗೆಯಲ್ಲಿ ತಿಳಿಸಿ, ಪ್ರತಿಯ ಮೇಲೆ ಸ್ವೀಕೃತಿ ಪಡೆಯಿರಿ.

3. ಆಸ್ಪತ್ರೆಯ ಚೀಟಿ, ಬಿಡುಗಡೆಯ ಸಾರಾಂಶ, ಕ್ಷಕಿರಣ ಚಿತ್ರ, ವೇತನದ ಚೀಟಿ, ಭವಿಷ್ಯ ನಿಧಿಯ ಸಂಖ್ಯೆ, ಇ.ಎಸ್.ಐ. ಸಂಖ್ಯೆ, ಆಧಾರ್ ಮತ್ತು ಬ್ಯಾಂಕ್ ಪುಸ್ತಕಗಳನ್ನು ಒಂದೇ ಕಡೆ ಇರಿಸಿರಿ.

4. ಊನವು ಶಾಶ್ವತವೆಂದು ವೈದ್ಯರು ತಿಳಿಸಿದ ಮೇಲೆ, ಸೇವೆಯಲ್ಲಿರುವಾಗಲೇ ವೈದ್ಯಕೀಯ ಮಂಡಳಿಯ ಪರೀಕ್ಷೆಗೆ ಕೋರಿಕೆ ಸಲ್ಲಿಸಿರಿ. ಭವಿಷ್ಯ ನಿಧಿ ಕಚೇರಿಗೆ ಪಿಂಚಣಿಯ ಅರ್ಜಿಯನ್ನು 10-ಡಿ ನಮೂನೆಯಲ್ಲಿ ಕೊಡಬೇಕು.

5. ಮದುವೆಯಾದ ಬಳಿಕ ಭವಿಷ್ಯ ನಿಧಿಯಲ್ಲಿ ಹೊಸದಾಗಿ ನಾಮನಿರ್ದೇಶನ ಮಾಡಿರಿ. ಪತ್ನಿಯ ಮತ್ತು ಮಕ್ಕಳ ಹೆಸರು ಅಲ್ಲಿ ಇರತಕ್ಕದ್ದು.

ಕೂಲಿ ಕೆಲಸ ಮಾಡುವ ಕುಟುಂಬಗಳಿಗೂ ಒಂದು ಮಾತು. ಕಟ್ಟಡ ಕಾರ್ಮಿಕರು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿದ್ದರೆ ದುರ್ಬಲತೆಯ ಪಿಂಚಣಿಗೆ ಅರ್ಜಿ ಸಲ್ಲಿಸಬಹುದು. ಅಪಘಾತವಾದ ಮೇಲೆ ನೋಂದಾಯಿಸಲು ಹೊರಟರೆ ಪ್ರಯೋಜನವಾಗದು.

ಮನೆಯಲ್ಲಿರುವವರ ಪಾತ್ರ

ಹಾಸಿಗೆ ಹಿಡಿದ ವ್ಯಕ್ತಿಯು ಕಚೇರಿಗಳಿಗೆ ಅಲೆಯಲಾರ. ಪಾರ್ಶ್ವವಾಯುವಾದವನಿಗೆ ಮಾತು ಸಹ ಬರದಿರಬಹುದು. ಆಗ ಕಾಗದಗಳು ಎಲ್ಲಿವೆಯೆಂದು ಬಲ್ಲ ಸಂಗಾತಿಯೇ ಅವನ ನಾಲಿಗೆ ಮತ್ತು ಕಾಲು. ದುಡಿಯುವವಳು ಪತ್ನಿಯಾಗಿದ್ದರೆ ಈ ಹೊಣೆ ಪತಿಯದು. ತನ್ನ ಸಂಬಳ, ಕಡಿತ, ಸಾಲ ಯಾವುದನ್ನೂ ಹೆಂಡತಿಗೆ ಹೇಳದಿರುವುದು ಗಂಡಸುತನವೆಂದು ಭಾವಿಸುವವರು, ಸಂಕಟ ಬಂದ ದಿನ ಅವಳನ್ನು ಕತ್ತಲಲ್ಲಿ ನಿಲ್ಲಿಸಿದಂತಾಗುತ್ತದೆ.

ಮೇಲೆ ಹೇಳಿದ ದಂಪತಿಗಳು ಆ ಕಾಗದಕ್ಕೆ ಹೆಬ್ಬೆಟ್ಟು ಒತ್ತಲಿಲ್ಲ. ರಜೆಯಲ್ಲಿದ್ದುಕೊಂಡು ಇ.ಎಸ್.ಐ. ನೆರವು ಪಡೆದು ಚಿಕಿತ್ಸೆ ಮುಂದುವರಿಸಿದರು. ಕಾಲಿಗೆ ಸ್ವಲ್ಪ ಶಕ್ತಿ ಬಂದಿತು, ಕೈಗೆ ಬರಲಿಲ್ಲ. ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗಲು ಪತ್ನಿಯು ಮೂರು ಸಲ ಅವರನ್ನು ಬಸ್ಸಿನಲ್ಲಿ ಕರೆದೊಯ್ಯಬೇಕಾಯಿತು. ಇಂದು ಪತಿಯ ಖಾತೆಗೆ ಪ್ರತಿ ತಿಂಗಳು ಪಿಂಚಣಿ ಬರುತ್ತಿದೆ. ಅವರು ರಕ್ತದೊತ್ತಡದ ಮಾತ್ರೆಯನ್ನು ತಪ್ಪದೆ ಸೇವಿಸುತ್ತಿದ್ದಾರೆ. ಆ ಮಾತ್ರೆಯನ್ನು ಮೊದಲೇ ತಪ್ಪದೆ ಸೇವಿಸಿದ್ದರೆ ಈ ಅಲೆದಾಟದ ಅಗತ್ಯವೇ ಬೀಳದಿರುತ್ತಿತ್ತೇನೋ ಎಂಬುದನ್ನೂ ಓದುಗರು ಮರೆಯಬಾರದು.

ದಂಪತಿಗಳು ಪರಸ್ಪರ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ನಮ್ಮ ವೇತನದಲ್ಲಿ ಪಿ.ಎಫ್. ಮತ್ತು ಇ.ಎಸ್.ಐ. ಕಡಿತವಾಗುತ್ತಿದೆಯೇ? ಅವುಗಳ ಸಂಖ್ಯೆ ಇಬ್ಬರಿಗೂ ಗೊತ್ತೇ?

2. ನಾಮನಿರ್ದೇಶನದಲ್ಲಿ ಯಾರ ಹೆಸರಿದೆ?

3. ರಾಜೀನಾಮೆಗೂ ಅಶಕ್ತತಾ ನಿವೃತ್ತಿಗೂ ಇರುವ ವ್ಯತ್ಯಾಸವನ್ನು ನಾವು ನೆರೆಯವರಿಗೆ ವಿವರಿಸಬಲ್ಲೆವೇ?

4. ಇಬ್ಬರ ರಕ್ತದೊತ್ತಡವನ್ನು ಕಡೆಯದಾಗಿ ಪರೀಕ್ಷಿಸಿದ್ದು ಯಾವಾಗ?

ಉತ್ತರ ತಿಳಿಯದಿದ್ದರೆ ವೇತನದ ಚೀಟಿಯನ್ನು ಕೈಯಲ್ಲಿ ಹಿಡಿದು ಸಮೀಪದ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ರೋಗವಿಲ್ಲದ ದಿನವೇ ಬರುವುದು ಒಳ್ಳೆಯದು.