ಕರಡಿಯ ಕಸುಬು ತಿಳಿದರೆ ಅರ್ಧ ಫೋಟೊ ಸಿಕ್ಕಂತೆ

ಅಲಾಸ್ಕಾದ ಕಾಟ್ಮಾಯ್ ರಾಷ್ಟ್ರೀಯ ಉದ್ಯಾನದ ಬ್ರೂಕ್ಸ್ ಜಲಪಾತಕ್ಕೆ ಜೋಗದ ಲೆಕ್ಕ ಹಾಕಿಕೊಂಡು ಹೋಗಬೇಡಿ. ಅದರ ಎತ್ತರ ಆರಡಿ, ಅಷ್ಟೇ. ಜುಲೈನಲ್ಲಿ ಮೊಟ್ಟೆಯಿಡಲು ಸಮುದ್ರದಿಂದ ಮೇಲೇರಿ ಬರುವ ಸಾಕೈ ಸಾಲ್ಮನ್ ಮೀನುಗಳು ಈ ಆರಡಿಯನ್ನು ಹಾರಿ ದಾಟಬೇಕು. ಕಂದು ಕರಡಿಗಳು ಅವಕ್ಕಾಗಿ ಕಾಯುತ್ತವೆ, ಕರಡಿಗಳಿಗಾಗಿ ನಾವು.

ಕಿಂಗ್ ಸಾಲ್ಮನ್ ಊರಿನಿಂದ ನೀರಿನ ಮೇಲಿಳಿಯುವ ಪುಟ್ಟ ವಿಮಾನದಲ್ಲಿ ಹೋದರೆ ಮೊದಲ ಕೆಲಸ ರೇಂಜರುಗಳ ಪಾಠ ಕೇಳುವುದು. ಕರಡಿಯಿಂದ 50 ಗಜ ದೂರವಿರಬೇಕು, ತಿಂಡಿಯ ಚೂರೂ ಜೊತೆಯಲ್ಲಿರಬಾರದು, ದಾರಿಗೆ ಕರಡಿ ಬಂದರೆ ಹಿಂದೆ ಸರಿಯಬೇಕಾದವರು ನಾವೇ. ಜಲಪಾತದ ಮರದ ಅಟ್ಟಣಿಗೆಯಲ್ಲಿ ಒಮ್ಮೆಗೆ 40 ಜನ. ನೂಕುನುಗ್ಗಲಿದ್ದಾಗ ಒಬ್ಬರಿಗೆ ಒಂದು ಗಂಟೆ.

ಆ ಗಂಟೆಯ ಮೊದಲ ಹತ್ತು ನಿಮಿಷ ಕ್ಯಾಮೆರಾ ಎತ್ತದೆ ನೋಡುವುದೇ ಲಾಭ. ಎಲ್ಲ ಕರಡಿಗಳೂ ಒಂದೇ ರೀತಿ ಮೀನು ಹಿಡಿಯುವುದಿಲ್ಲ. ಕೆಲವು ಜಲಪಾತದ ನೆತ್ತಿಯಲ್ಲಿ ಅಲ್ಲಾಡದೆ ನಿಲ್ಲುತ್ತವೆ. ಇಲ್ಲಿ ಮೀನನ್ನು ಹಿಂಬಾಲಿಸಿ ಫೋಕಸ್ ಮಾಡಲು ಹೋದರೆ ಕೆಟ್ಟಿರಿ, ನೊರೆಯ ಮೇಲೆ ಫೋಕಸ್ ಕೂರುತ್ತದೆ. ಕರಡಿಯ ಕಣ್ಣಿಗೆ ಫೋಕಸ್ ಕಟ್ಟಿ, ಮೂತಿಯ ಮುಂದೆ ಜಾಗ ಬಿಟ್ಟು, 1/2000 ಸೆಕೆಂಡಿನಲ್ಲಿ ಕಾಯಬೇಕು. ಥಾಮಸ್ ಮ್ಯಾಂಗೆಲ್ಸನ್ 1988ರಲ್ಲಿ ಇಲ್ಲೇ ತೆಗೆದ, ತೆರೆದ ಬಾಯಿಗೆ ಮೀನು ಬಂದು ಬೀಳುವ ಪ್ರಸಿದ್ಧ ಚಿತ್ರವೂ ಹಾಗೆ ಕಾದು ಸಿಕ್ಕಿದ್ದು. ಅದು ಫಿಲ್ಮ್ ಕಾಲ. ಏನು ಸಿಕ್ಕಿದೆ ಎಂದು ಗೊತ್ತಾಗಲು ರೋಲ್ ತೊಳೆಯಬೇಕಿತ್ತು.

ದೊಡ್ಡ ಗಂಡುಗಳು ಜಲಪಾತದ ಬುಡದ ಮಡುವಿನಲ್ಲಿ ಎದೆಯವರೆಗೆ ಮುಳುಗಿ ಕೂತು, ಕಾಲಡಿ ಸುಳಿದ ಮೀನನ್ನು ಅದುಮಿ ಹಿಡಿಯುತ್ತವೆ. ಭುಜ ಬಿಗಿದು ತಲೆ ನೀರಿಗಿಳಿದರೆ ಬೆರಳು ಶಟರ್ ಮೇಲಿರಲಿ. ಮೀನು ಹಿಡಿದ ಕರಡಿಗಿಂತ ಅದರ ಪಕ್ಕದ ಕರಡಿಯ ಮೇಲೆ ಒಂದು ಕಣ್ಣಿಡುವುದನ್ನೂ ನಾನು ಅಲ್ಲೇ ಕಲಿತೆ. ಕಸಿಯುವುದನ್ನೇ ಕಸುಬು ಮಾಡಿಕೊಂಡವೂ ಅಲ್ಲಿವೆ. ಕಿವಿ ಹಿಂದಕ್ಕೆ ಮಲಗಿದರೆ ಜಗಳ ಶುರು ಎಂದೇ ಅರ್ಥ.

ಮೀನು ಯಥೇಚ್ಛವಾಗಿರುವಾಗ ತಿನ್ನುವುದರಲ್ಲೂ ಆಯ್ಕೆ. ಒಂದು ಕರಡಿ ಮೀನನ್ನು ಬಂಡೆಗೆ ಒತ್ತಿ ಹಿಡಿದು, ಮುಂದಿನ ಹಲ್ಲುಗಳಲ್ಲೇ ಚರ್ಮ ಸುಲಿದು, ಮಿದುಳು, ಮೊಟ್ಟೆ ತಿಂದು ಉಳಿದ ಮಾಂಸವನ್ನು ಕಡಲಕಾಗೆಗಳಿಗೆ ಬಿಟ್ಟು ಹೋಯಿತು. ಗಲ್ಲದ ಒದ್ದೆ ಕೂದಲಿಗೆ ಕೆಂಪು ಮೊಟ್ಟೆಗಳು ಅಂಟಿಕೊಂಡಿದ್ದ ಆ ಚಿತ್ರ, ನನ್ನ ಮಟ್ಟಿಗೆ, ಹಾರುವ ಮೀನಿನದಕ್ಕಿಂತ ಹೆಚ್ಚು.

ಬೆಳಕಿನ ವಿಷಯದಲ್ಲಿ ಮಾತ್ರ ದರೋಜಿ ಕರಡಿಧಾಮದ ಅಭ್ಯಾಸ ಬಿಡಬೇಕಾಯಿತು. ಅಲ್ಲಿ ಕಪ್ಪು ಕರಡಿ ಫ್ರೇಮ್ ತುಂಬಿದರೆ ಕ್ಯಾಮೆರಾ ಬೆಳಕನ್ನು ಜಾಸ್ತಿ ಮಾಡುತ್ತದೆ, ನಾವು ಇಳಿಸುತ್ತೇವೆ. ಇಲ್ಲಿ ಬಿಳಿ ನೊರೆಗೆ ಹೆದರಿ ಕ್ಯಾಮೆರಾ ಬೆಳಕನ್ನು ಇಳಿಸುತ್ತದೆ, ಕರಡಿ ಮಸಿಯಾಗುತ್ತದೆ. ಮ್ಯಾನ್ಯುಯಲ್ ಮೋಡಿನಲ್ಲಿ ನೊರೆಯ ವಿವರ ಕಳೆಯದಷ್ಟು ಬೆಳಕು ಕೊಟ್ಟು, ಮೋಡ ಬದಲಾಗುವವರೆಗೆ ಅದನ್ನು ಮುಟ್ಟದಿರುವುದು ಕ್ಷೇಮ. ನೀರನ್ನು ರೇಷ್ಮೆಯಂತೆ ತೆಗೆಯಲು ಶಟರ್ ನಿಧಾನ ಮಾಡಿದರೆ, ಯಾರೋ ನಾಲ್ಕು ಹೆಜ್ಜೆ ನಡೆದರೂ ಅಟ್ಟಣಿಗೆಯ ಹಲಗೆ ಅದುರಿ ಚಿತ್ರ ಮಸುಕಾಗುತ್ತದೆ. ಎಲ್ಲರೂ ನಿಂತಾಗಲೇ ಕ್ಲಿಕ್ ಮಾಡಿ.

ಗಂಟೆ ಮುಗಿದಾಗ ಬೇಸರಿಸದೆ ನದಿಯ ಕೆಳಭಾಗಕ್ಕೆ ಹೋಗಿ. ದೊಡ್ಡ ಗಂಡುಗಳ ಭಯಕ್ಕೆ ಮರಿಯಿರುವ ತಾಯಿ ಕರಡಿಗಳು ಹೆಚ್ಚಾಗಿ ಅಲ್ಲೇ ಇರುತ್ತವೆ. ಜಲಪಾತದ ಬಳಿ 100-400 ಲೆನ್ಸ್ ಧಾರಾಳ. 600ಕ್ಕೆ ಕೊಡುವ ಬಾಡಿಗೆಯಲ್ಲಿ ಒಂದು ದಿನ ಹೆಚ್ಚು ಉಳಿಯುವುದು ಜಾಣತನ. ಇನ್ನು ಈ ಕರಡಿಗಳ ನೇರಪ್ರಸಾರ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಬೆಂಗಳೂರಿನಲ್ಲಿ ರಾತ್ರಿ ಊಟ ಮುಗಿಸಿ ಕೂತರೆ ಅಲ್ಲಿ ಬೆಳಗಾಗಿರುತ್ತದೆ. ಟಿಕೆಟ್ ತೆಗೆಸುವ ಮೊದಲೇ ಯಾವ ಕರಡಿ ಎಲ್ಲಿ ನಿಲ್ಲುತ್ತದೆ ಎಂದು ನೋಡಿಟ್ಟುಕೊಳ್ಳಿ.