ಟ್ಯಾಬಿನ ಮೇಲಣ ಪುಟ್ಟ ಲಾಂಛನ

ಬ್ರೌಸರಿನಲ್ಲಿ ಏಕಕಾಲಕ್ಕೆ ಹತ್ತಾರು ಜಾಲತಾಣಗಳನ್ನು ತೆರೆದಿಟ್ಟಾಗ ಟ್ಯಾಬುಗಳು ಕಿರಿದಾಗಿ, ಅವುಗಳ ಮೇಲಣ ಹೆಸರುಗಳು ಮರೆಯಾಗುತ್ತವೆ. ಆಗ ನಮಗೆ ಗುರುತು ಹೇಳುವುದು ಪ್ರತಿಯೊಂದು ಟ್ಯಾಬಿನ ಅಂಚಿನಲ್ಲಿರುವ ಪುಟ್ಟ ಲಾಂಛನವೊಂದೇ. ಇದಕ್ಕೆ ಫ್ಯಾವಿಕಾನ್ ಎಂದು ಹೆಸರು. 1999ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ರೊಡನೆ ಬಳಕೆಗೆ ಬಂದ ಈ ಲಾಂಛನಕ್ಕೆ ಸಾಧಾರಣ ಪರದೆಯಲ್ಲಿ ದೊರೆಯುವ ಸ್ಥಳ ಅಗಲಕ್ಕೆ 16, ಎತ್ತರಕ್ಕೆ 16 ಪಿಕ್ಸೆಲ್. ಅಂದರೆ ಒಟ್ಟು 256 ಚೌಕಗಳು ಮಾತ್ರ.

ಗಣಕದಲ್ಲಿ ಚಿತ್ರವನ್ನು ಎರಡು ವಿಧವಾಗಿ ಇಡಬಹುದು. ಪ್ರತಿಯೊಂದು ಚೌಕದ ಬಣ್ಣವನ್ನೂ ಬರೆದಿಡುವುದು ಒಂದು ವಿಧ. ಇದನ್ನು ಹಿಗ್ಗಿಸಿದರೆ ಅಂಚುಗಳು ಒರಟಾಗುತ್ತವೆ. ರೇಖೆ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆಂಬುದನ್ನು ಸಂಖ್ಯೆಗಳಲ್ಲಿ ಹೇಳುವುದು ಇನ್ನೊಂದು ವಿಧ. ಇದೇ ವೆಕ್ಟರ್ ಚಿತ್ರ. ಇದಕ್ಕಾಗಿ 2001ರಲ್ಲಿ ಎಸ್‌ವಿಜಿ ಎಂಬ ಮಾದರಿಯು ಪ್ರಮಾಣೀಕೃತವಾಯಿತು. ಫೈರ್‌ಫಾಕ್ಸ್ 2015ರಲ್ಲಿಯೂ ಕ್ರೋಮ್ 2020ರಲ್ಲಿಯೂ ಇದನ್ನು ಟ್ಯಾಬಿನ ಲಾಂಛನವಾಗಿ ಅಂಗೀಕರಿಸಿದವು.

ವೆಕ್ಟರ್ ಚಿತ್ರವು ಎಷ್ಟು ಹಿಗ್ಗಿಸಿದರೂ ಕೆಡದು. ಹಾಗಾದರೆ ಕುಗ್ಗಿಸಿದರೂ ಕೆಡದೆ? ನಾವೂ ಹಾಗೆಯೇ ಭಾವಿಸಿ ಮೋಸಹೋದೆವು. ನಮ್ಮ ಕಾಲೇಜಿನ ಭೌತವಿಜ್ಞಾನ ಸಂಘದ ಜಾಲತಾಣಕ್ಕೆಂದು, ಅಶ್ರಗದಿಂದ ಏಳು ಬಣ್ಣದ ಕಿರಣಗಳು ಹೊರಡುವ ಚಿತ್ರವನ್ನು 512 ಮಾನಗಳ ಚೌಕದಲ್ಲಿ ಬರೆದೆವು. ಟ್ಯಾಬಿನಲ್ಲಿ ಕಂಡುದು ಮಸುಕಾದ ಕಲೆಯೊಂದೇ! ಕಾರಣವನ್ನು ಲೆಕ್ಕಹಾಕೋಣ. ನಮ್ಮ ರೇಖೆಯ ದಪ್ಪ 8 ಮಾನ. 512 ಮಾನಗಳು 16 ಪಿಕ್ಸೆಲ್‌ಗಳಿಗೆ ಕುಗ್ಗಿದಾಗ ಈ ದಪ್ಪವು ಕಾಲು ಪಿಕ್ಸೆಲ್ ಆಗುತ್ತದೆ. ಒಂದು ಪಿಕ್ಸೆಲ್‌ನ ಕಾಲುಭಾಗಕ್ಕೆ ಮಾತ್ರ ಬಣ್ಣ ಹಚ್ಚಲಾಗದು; ಆದುದರಿಂದ ಇಡೀ ಪಿಕ್ಸೆಲ್ ತಿಳಿಯಾಗಿ ಮಾಸುತ್ತದೆ. ಇದಲ್ಲದೆ, ಏಳು ಕಿರಣಗಳಿಗೂ ಅವುಗಳ ನಡುವಣ ಆರು ಅಂತರಗಳಿಗೂ ಕಡೆಯಪಕ್ಷ 13 ಪಿಕ್ಸೆಲ್ ಬೇಕು. ಮೂರು ಕಿರಣಗಳಾದರೆ 5 ಸಾಕು. ನಾವು ನಾಲ್ಕು ಕಿರಣಗಳನ್ನು ಬಿಟ್ಟು, 16 ಮಾನಗಳ ಚೌಕದಲ್ಲಿಯೇ ಚಿತ್ರವನ್ನು ಹೊಸದಾಗಿ ಬರೆದೆವು.

ರೇಖೆಯ ಸ್ಥಾನವೂ ಮುಖ್ಯ. 1 ಮಾನ ದಪ್ಪದ ನೆಟ್ಟನೆಯ ರೇಖೆಯ ನಡುವು 8ರಲ್ಲಿದ್ದರೆ, ಅದು 7.5ರಿಂದ 8.5ರವರೆಗೆ ಹರಡಿ ಎರಡು ಸಾಲುಗಳನ್ನು ಅರ್ಧರ್ಧ ಮುಚ್ಚುತ್ತದೆ; ರೇಖೆ ಮಂಕಾಗುತ್ತದೆ. ನಡುವನ್ನು 8.5ಕ್ಕೆ ಸರಿಸಿದರೆ ಒಂದೇ ಸಾಲು ಪೂರ್ತಿ ತುಂಬುತ್ತದೆ. ಇಮ್ಮಡಿ ಸಾಂದ್ರತೆಯ ಪರದೆಯಲ್ಲಿ ಈ ದೋಷ ಅಡಗಿಬಿಡುವುದರಿಂದ ಸಾಧಾರಣ ಪರದೆಯಲ್ಲಿಯೇ ಪರೀಕ್ಷಿಸಬೇಕು.

ಚಿತ್ರ ಸಿದ್ಧವಾದ ಬಳಿಕ ಕಡತವನ್ನು ಹಗುರಗೊಳಿಸಬೇಕು. ಚಿತ್ರರಚನೆಯ ತಂತ್ರಾಂಶವು ತನ್ನ ಉಪಯೋಗಕ್ಕೆಂದು ಸೇರಿಸಿದ ಟಿಪ್ಪಣಿಗಳನ್ನೂ ಪದರಗಳ ಹೆಸರುಗಳನ್ನೂ ತೆಗೆದುಹಾಕಬಹುದು. 12.3456789 ಎಂಬಲ್ಲಿ 12.35 ಸಾಕು, ನೂರನೆಯ ಒಂದು ಪಿಕ್ಸೆಲ್‌ನ ವ್ಯತ್ಯಾಸವನ್ನು ಕಣ್ಣು ಕಾಣದು. ಎಸ್‌ವಿಜಿಓ ಎಂಬ ಉಚಿತ ಸಾಧನವು ಈ ಕೆಲಸವನ್ನು ಮಾಡಿಕೊಡುತ್ತದೆ. ಆದರೆ ಚಿತ್ರದ ಚೌಕಟ್ಟನ್ನು ಸೂಚಿಸುವ ವ್ಯೂಬಾಕ್ಸ್ ಎಂಬ ಅಂಶವನ್ನು ಅಳಿಸಬಾರದು. ಅಳಿಸಿದರೆ ಚಿತ್ರವು ಸ್ಥಳಕ್ಕೆ ತಕ್ಕಂತೆ ಹಿಗ್ಗಿ ಕುಗ್ಗಲಾರದು. ಅಕ್ಷರಗಳಿದ್ದರೆ ಅವನ್ನು ರೇಖಾಕೃತಿಗಳಾಗಿ ಮಾರ್ಪಡಿಸಬೇಕು. ಇಲ್ಲವಾದರೆ ಆ ಫಾಂಟ್ ಇಲ್ಲದ ಗಣಕದಲ್ಲಿ ರೂಪ ಬದಲಾದೀತು. ಹಳೆಯ ಬ್ರೌಸರುಗಳಿಗಾಗಿ ಐಸಿಓ ಮಾದರಿಯ ಕಡತವೊಂದೂ ಜೊತೆಗಿರಲಿ. ಬಿಳಿಯ ಹಾಗೂ ಕಪ್ಪು ಹಿನ್ನೆಲೆಗಳೆರಡರಲ್ಲಿಯೂ ಲಾಂಛನವು ಎದ್ದು ಕಾಣುವುದೇ ಎಂದು ನೋಡಬೇಕು.

ವಿದ್ಯಾರ್ಥಿಗಳು ಗಣಕವನ್ನು ಮುಟ್ಟುವ ಮೊದಲು ಗ್ರಾಫ್ ಹಾಳೆಯಲ್ಲಿ 16 ಚೌಕಗಳ 16 ಸಾಲುಗಳನ್ನು ಗುರುತಿಸಿ, ಪೆನ್ಸಿಲಿನಿಂದ ಚೌಕಗಳನ್ನು ತುಂಬಿ ನೋಡಲಿ. ಅಲ್ಲಿ ಹಿಡಿಸದ ಚಿತ್ರವು ಟ್ಯಾಬಿನಲ್ಲಿಯೂ ಹಿಡಿಸದು.