‘ಸಿನ್ಸ್’ ಎಲ್ಲಿ, ‘ಫಾರ್’ ಎಲ್ಲಿ?

ರಜೆಯ ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆಯಲು ಕುಳಿತ ಕನ್ನಡಿಗನು, ಮೂರು ದಿನಗಳಿಂದ ಜ್ವರದಲ್ಲಿ ನರಳುತ್ತಿದ್ದೇನೆಂಬ ವಿಷಯವನ್ನು ‘ಐ ಆಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ತ್ರೀ ಡೇಸ್’ ಎಂದು ನಿಶ್ಶಂಕೆಯಿಂದ ಬರೆದುಬಿಡುವುದು ಕೇವಲ ಅಜ್ಞಾನದ ಫಲವಲ್ಲ; ‘ಸೋಮವಾರದಿಂದ’ ಎನ್ನುವಲ್ಲಿಯೂ ‘ಮೂರು ದಿನಗಳಿಂದ’ ಎನ್ನುವಲ್ಲಿಯೂ ನಮಗೆ ‘ಇಂದ’ ಎಂಬ ಒಂದೇ ಪ್ರತ್ಯಯವು ಸಾಕಾಗಿರುವುದೇ ಅದಕ್ಕೆ ಕಾರಣ. ಇಂಗ್ಲಿಷಾದರೋ ಇವೆರಡನ್ನೂ ಬೇರ್ಪಡಿಸಿ, ಕಾಲದ ಆರಂಭಕ್ಕೆ ‘ಸಿನ್ಸ್’ ಎಂಬುದನ್ನೂ ಕಾಲದ ಅವಧಿಗೆ ‘ಫಾರ್’ ಎಂಬುದನ್ನೂ ಇಟ್ಟುಕೊಂಡಿದೆ.

ಆದಕಾರಣ ಮೊದಲು ಮಾಡತಕ್ಕದ್ದೇನೆಂದರೆ, ‘ಇಂದ’ವನ್ನು ಕಳಚಿ ಉಳಿದ ಪದವನ್ನು ಪರೀಕ್ಷಿಸುವುದು. ಅದು ‘ಯಾವಾಗ?’ ಎಂಬುದಕ್ಕೆ ಉತ್ತರವಾದರೆ ‘ಸಿನ್ಸ್’, ‘ಎಷ್ಟು ಕಾಲ?’ ಎಂಬುದಕ್ಕೆ ಉತ್ತರವಾದರೆ ‘ಫಾರ್’. ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪಿತವಾಯಿತಷ್ಟೆ. ಅಂದಿನಿಂದ ನಡೆಯುತ್ತಿದೆಯೆನ್ನಲು ‘ಸಿನ್ಸ್ 1916’ ಎಂದೂ, ಶತಮಾನಕ್ಕೂ ಮಿಕ್ಕಿ ನಡೆಯುತ್ತಿದೆಯೆನ್ನಲು ‘ಫಾರ್ ಮೋರ್ ದ್ಯಾನ್ ಎ ಹಂಡ್ರೆಡ್ ಇಯರ್ಸ್’ ಎಂದೂ ಬರೆಯಬೇಕು.

ಈ ಪರೀಕ್ಷೆಯು ತುಸು ತೊಡಕಾಗುವುದು ಗಡಿಯಾರದ ವಿಷಯದಲ್ಲಿ. ‘ಎರಡು ಗಂಟೆಯಿಂದ ಕಾಯ್ತಾ ಇದ್ದೀನಿ’ ಎಂದು ಬಸ್ ನಿಲ್ದಾಣದಲ್ಲಿ ಗೊಣಗುವವನು ಗಡಿಯಾರದ ಎರಡನ್ನು ಹೇಳುತ್ತಿರುವನೋ, ಕಳೆದುಹೋದ ಎರಡು ತಾಸುಗಳನ್ನು ಹೇಳುತ್ತಿರುವನೋ ಎಂಬುದು ಆಡುಮಾತಿನಲ್ಲಿ ಸ್ಪಷ್ಟವಾಗುವುದಿಲ್ಲ. ಸರಿಯಾಗಿ ನಾಲ್ಕು ಗಂಟೆಗೆ ನುಡಿದರಂತೂ ಎರಡರ್ಥವೂ ಸತ್ಯವೇ! ಇಂಗ್ಲಿಷಿನಲ್ಲಿ ಮಾತ್ರ ‘ಸಿನ್ಸ್ ಟೂ ಓ ಕ್ಲಾಕ್’, ‘ಫಾರ್ ಟೂ ಅವರ್ಸ್’ ಎಂಬುವುಗಳಲ್ಲಿ ಒಂದನ್ನು ಆರಿಸಲೇಬೇಕು.

ಎರಡನೆಯದಾಗಿ ಕ್ರಿಯಾಪದವನ್ನು ನೋಡಬೇಕು. ಬಹುಮಂದಿ ಮರೆಯುವುದು ಇದನ್ನೇ. ಹಿಂದೆ ತೊಡಗಿ ಇಂದಿಗೂ ಮುಂದುವರಿದಿರುವ ಕಾರ್ಯಕ್ಕೆ ಕನ್ನಡದಲ್ಲಿ ‘ನರಳುತ್ತಿದ್ದೇನೆ’ ಎಂಬ ವರ್ತಮಾನರೂಪವು ಸಾಲುವುದಾದರೂ, ಇಂಗ್ಲಿಷು ಅಲ್ಲಿ ‘ಹ್ಯಾವ್ ಬೀನ್’ ಎಂಬುದನ್ನು ಅಪೇಕ್ಷಿಸುತ್ತದೆ. ಅಂತೆಯೇ ಆ ಅರ್ಜಿಯ ಶುದ್ಧರೂಪವು ‘ಐ ಹ್ಯಾವ್ ಬೀನ್ ಸಫರಿಂಗ್ ಫ್ರಮ್ ಫೀವರ್ ಫಾರ್ ತ್ರೀ ಡೇಸ್’ ಎಂದಾಗುತ್ತದೆ. ಕಡೆಯ ಮೂರು ಪದಗಳ ಸ್ಥಾನದಲ್ಲಿ ‘ಸಿನ್ಸ್ ಮಂಡೇ’ ಎಂದರೂ ಸರಿಯೇ. ಮುಗಿದುಹೋದ ಅವಧಿಗೆ ‘ಫಾರ್’ನೊಡನೆ ಸರಳ ಭೂತಕಾಲವೇ ಸಾಕು: ‘ಐ ಲಿವ್ಡ್ ಇನ್ ಧಾರವಾಡ್ ಫಾರ್ ಫೈವ್ ಇಯರ್ಸ್’ ಎಂದವನು ಈಗ ಧಾರವಾಡದಲ್ಲಿಲ್ಲವೆಂದೇ ತಿಳಿಯತಕ್ಕದ್ದು.

ಕಡೆಯದಾಗಿ, ಕಚೇರಿಯ ಪತ್ರಗಳಲ್ಲಿ ಬೇರುಬಿಟ್ಟಿರುವ ‘ಫ್ರಮ್ ಲಾಸ್ಟ್ ಟೂ ಇಯರ್ಸ್’ ಎಂಬುದನ್ನು ಕಂಡಲ್ಲಿ ಹೊಡೆದುಹಾಕಿ ‘ಫಾರ್ ದ ಲಾಸ್ಟ್ ಟೂ ಇಯರ್ಸ್’ ಎಂದು ಬರೆಯಿರಿ. ‘ಕಳೆದ ವರ್ಷದಿಂದ’ ಎಂಬುದಾದರೋ ಆರಂಭವನ್ನು ಸೂಚಿಸುವುದರಿಂದ ‘ಸಿನ್ಸ್ ಲಾಸ್ಟ್ ಇಯರ್’ ಆಗುತ್ತದೆ. ಇದೇ ನ್ಯಾಯದಿಂದ, ಬಾಲ್ಯಕ್ಕೆ ನಿಶ್ಚಿತವಾದ ತಾರೀಖಿಲ್ಲದಿದ್ದರೂ ‘ಬಾಲ್ಯದಿಂದ’ ಎಂಬುದಕ್ಕೆ ‘ಸಿನ್ಸ್ ಚೈಲ್ಡ್‌ಹುಡ್’ ಎಂದೂ, ‘ಬಹುಕಾಲದಿಂದ’ ಎಂಬುದಕ್ಕೆ, ನಮ್ಮಲ್ಲಿ ರೂಢವಾದ ‘ಸಿನ್ಸ್ ಲಾಂಗ್’ ಎಂಬುದನ್ನು ಬಿಟ್ಟು, ‘ಫಾರ್ ಎ ಲಾಂಗ್ ಟೈಮ್’ ಎಂದೂ ಬರೆಯಬೇಕು.